ಲಾಂಛನಮೀಮಾಂಸೆ: ಅಳಿಯ ಅಂಗಡಿ ತೆಗೆದದ್ದರ ಶಾಸ್ತ್ರೀಯ ಅಧ್ಯಯನ

ಪೀಠಿಕೆ

1997ರ ಆಗಸ್ಟ್ 24ರಂದು ಹಾವೇರಿಯು ಧಾರವಾಡದಿಂದ ಪಾಲು ತೆಗೆದುಕೊಂಡು ಬೇರೆ ಜಿಲ್ಲೆ ಎಂದು ಬೋರ್ಡು ಹಾಕಿಕೊಂಡಿತು. ಅದರ ಪಾಲಿಗೆ ಬಂದ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಗುಡಿ, ಕೋಟೆ, ಕೆರೆ, ಶಾಸನಗಳ ಮೇಲೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಅದೇ ಊರುಗಳ ಬಸ್‌ಸ್ಟ್ಯಾಂಡಿನ ಎದುರಿಗಿರುವ ಫ್ಲೆಕ್ಸ್ ಅಂಗಡಿಗಳ ಮೇಲೆ ಒಂದು ಅಡಿಟಿಪ್ಪಣಿಯೂ ಈ ಪ್ರಬಂಧಕಾರನ ಕಣ್ಣಿಗೆ ಬಿದ್ದಿಲ್ಲ. ಆ ಕೊರತೆಯನ್ನು ನೀಗಲೆಂದೇ ಲೇಖನಿ ಎತ್ತಿದೆ ಎಂದು ಬರೆದರೆ ಶೋಭಿಸುತ್ತಿತ್ತು. ನಿಜ ಸಂಗತಿ ಇಷ್ಟು: ನನ್ನ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಮೂರು ತಿಂಗಳ ಕೋರ್ಸು ಮುಗಿಸಿ ಬಂದು ಹಾನಗಲ್ಲಿನಲ್ಲಿ ಗ್ರಾಫಿಕ್ ಡಿಸೈನ್ ಅಂಗಡಿ ತೆಗೆದ.

“ಮಾಮಾ, ನೀವು ಇಡೀ ಜನ್ಮ ಕನ್ನಡ ಕಲಿಸೀರಿ. ನನ್ನ ಅಂಗಡಿಗೆ ಒಂದು ಬ್ರಾಂಡ್ ಐಡೆಂಟಿಟಿ ಹುಡುಕಿ ಕೊಡ್ರಿ” ಅಂದ.

ನಿವೃತ್ತ ಕನ್ನಡ ಉಪನ್ಯಾಸಕನ ಹತ್ತಿರ ಯಾರಾದರೂ ಏನಾದರೂ ಕೇಳುವುದೇ ಅಪರೂಪ. ಅಂದೇ ಸಂಜೆ ಇನ್ನೂರು ಪುಟದ ನೋಟ್‌ಬುಕ್ ತಂದೆ.

ಮೊದಲಿಗೆ ಒಂದು ಪಾಠಾಂತರ ವಿಚಾರ. ನಾನು ‘ಬ್ರ್ಯಾಂಡ್’ ಎಂದು ಬರೆಯುತ್ತೇನೆ, ಅಳಿಯ ‘ಬ್ರಾಂಡ್’ ಎಂದು ಬರೆಯುತ್ತಾನೆ. ಯಕಾರದ ಒತ್ತು ಕೊಟ್ಟರೆ ಕೆಳಗಿನ ಸಾಲಿಗೆ ತಾಗುತ್ತದೆ ಎಂಬುದು ಅವನ ವಾದ. ಈ ಒತ್ತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ವ್ಯುತ್ಪತ್ತಿ

ಬ್ರ್ಯಾಂಡ್ ಶಬ್ದದ ಬೇರು ಬೆಂಕಿಯಲ್ಲಿದೆ. ಉತ್ತರ ಯುರೋಪಿನ ಹಳೆಯ ನುಡಿಗಳಲ್ಲಿ ಅದು ಉರಿಯುವ ಕೊಳ್ಳಿಗೆ ಸಲ್ಲುತ್ತಿತ್ತು. ಮುಂದೆ ಕಾಯ್ದ ಕಬ್ಬಿಣದಿಂದ ದನದ ಚರ್ಮದ ಮೇಲೆ ಒಡೆಯನ ಗುರುತು ಸುಡುವುದಕ್ಕೆ ಸಂದಿತು. ಚರ್ಮದಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಸಾಬೂನಿಗೆ ಇಳಿಯಿತು. ನಮ್ಮಲ್ಲಿ ಇದಕ್ಕೆ ‘ಬರೆ’ ಎಂಬ ಎರಡಕ್ಷರದ ಶಬ್ದ ಮೊದಲಿನಿಂದಲೂ ಇದೆ. ಹಾಗಾದರೆ ಬ್ರ್ಯಾಂಡ್ ಐಡೆಂಟಿಟಿ ಎಂದರೆ ‘ಬರೆಗುರುತು’. ಈ ಪಾರಿಭಾಷಿಕ ಪದವನ್ನು ಅಳಿಯನಿಗೆ ಹೇಳಿದೆ. ಅವನು ಮರ್ಯಾದೆಯಿಂದ ತಲೆ ಆಡಿಸಿ ಕಂಪ್ಯೂಟರಿನ ಕಡೆ ತಿರುಗಿದ. ಶಬ್ದವು ದನದಿಂದ ಹೊರಟಿತು ಎಂಬುದಷ್ಟನ್ನು ಸದ್ಯ ಗುರುತು ಹಾಕಿಕೊಂಡರೆ ಸಾಕು. ಅದು ಮತ್ತೆ ದನಕ್ಕೇ ಬಂದು ಸೇರಲಿದೆ.

ಪೂರ್ವಪಕ್ಷ

ಅಳಿಯ ಕಲಿತು ಬಂದ ಸಿದ್ಧಾಂತದ ಪ್ರಕಾರ ಒಳ್ಳೆಯ ವಿನ್ಯಾಸದಲ್ಲಿ ಎರಡೇ ಬಣ್ಣ, ಒಂದೇ ಅಕ್ಷರಶೈಲಿ, ಸುತ್ತ ಧಾರಾಳವಾಗಿ ಖಾಲಿ ಜಾಗ ಇರಬೇಕು. ಈ ದರ್ಶನ ಹಾನಗಲ್ಲಿನ ಗಿರಾಕಿಯ ಎದುರು ಒಂದು ವಾರ ಬಾಳಿತು. ಒಬ್ಬ ಯಜಮಾನರು ತಮ್ಮ ಗೊಬ್ಬರದ ಅಂಗಡಿಯ ಬೋರ್ಡಿನ ಮಾದರಿ ನೋಡಿ ಕೇಳಿದರು:

“ಚದರ ಅಡಿ ಲೆಕ್ಕದಾಗ ರೊಕ್ಕ ತಗೋತೀಯಲ್ಲೋ ತಮ್ಮಾ, ಇಷ್ಟು ಜಾಗಾ ಬೋಳ ಬಿಟ್ಟೀಯಲ್ಲ. ಬೋಳ ಜಾಗಕ್ಕ ನಾ ಯಾಕ ರೊಕ್ಕ ಕೊಡ್ಲಿ?”

ಇದಕ್ಕೆ ಉತ್ತರ ಹುಬ್ಬಳ್ಳಿಯ ಕೋರ್ಸಿನಲ್ಲಿ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಯಜಮಾನರ ತರ್ಕದಲ್ಲಿ ದೋಷವಿಲ್ಲ: ಹೊಲ ಕೊಂಡವನು ಉಳದೆ ಬಿಡುತ್ತಾನೆಯೇ? ಅಳಿಯ ಆ ಬೋಳು ಜಾಗದಲ್ಲಿ ಎರಡು ತೆನೆ, ಒಂದು ಟ್ರ್ಯಾಕ್ಟರು, ಯಜಮಾನರ ಫೋಟೋ, ಅವರ ತಂದೆಯ ಫೋಟೋ ಹಾಕಿ, ಹಿಂದೆ ಸೂರ್ಯೋದಯ ಮಾಡಿಸಿದ. ಯಜಮಾನರು ಹೇಳಿದ ರೊಕ್ಕ ಕೊಟ್ಟು ಹೋದರು.

ಉತ್ತರಪಕ್ಷ: ಕದಂಬರ ಕಾರ್ಪೊರೇಟ್ ವಿಭಾಗ

ಬ್ರ್ಯಾಂಡ್ ವಿದ್ಯೆ ಪಶ್ಚಿಮದಿಂದ ಬಂತು ಎನ್ನುವವರು ಹಾನಗಲ್ಲಿನ ಕದಂಬರನ್ನು ಓದಿಲ್ಲ. ಪಾನುಂಗಲ್ 500 ಎಂಬ ನಾಡನ್ನು ಆಳಿದ ಈ ಮನೆತನದ ಶಾಸನಗಳಲ್ಲಿ ರಾಜನ ಹೆಸರಿಗೆ ಮೊದಲು ಒಂದು ಪಟ್ಟಿ ಬರುತ್ತದೆ. ಸಿಂಹ ಲಾಂಛನ, ವಾನರ ಧ್ವಜ, ಪೆರ್ಮಟ್ಟಿ ಎಂಬ ತೂರ್ಯ, ‘ಬನವಾಸಿಪುರವರಾಧೀಶ್ವರ’ ಎಂಬ ಬಿರುದು. ಲೋಗೋ, ಧ್ವಜ, ಕಿವಿಗೆ ಬೀಳುವ ಗುರುತಿನ ನಾದ, ಅಡಿಬರಹ, ನಾಲ್ಕೂ ಆದವು. ಸವದತ್ತಿಯ ರಟ್ಟರದು ಬೇರೆ ಸೆಟ್ಟು: ಸುವರ್ಣ ಗರುಡಧ್ವಜ, ಸಿಂಧೂರ ಲಾಂಛನ, ತ್ರಿವಳಿ ತೂರ್ಯ. ಒಬ್ಬರ ಡೋಲನ್ನು ಇನ್ನೊಬ್ಬರು ಬಾರಿಸುವಂತಿರಲಿಲ್ಲ. ಪೆರ್ಮಟ್ಟಿಯ ಸದ್ದು ಕೇಳಿದರೆ ಗುಡ್ಡದ ಆಚೆಯವನಿಗೂ ಬರುತ್ತಿರುವವರು ಯಾರೆಂದು ಗೊತ್ತಾಗಬೇಕು. ಈಗ ಇದೇ ಕೆಲಸವನ್ನು ಮೊಬೈಲ್ ಕಂಪನಿಗಳು ಕೆಲವೇ ಸೆಕೆಂಡಿನ ಟ್ಯೂನಿನಲ್ಲಿ ಮಾಡುತ್ತವೆ. ಆ ಕದಂಬ ಎಂಬ ಹೆಸರು ಇನ್ನೂ ಸವೆದಿಲ್ಲ. ಗೋವೆಯ ಸರ್ಕಾರಿ ಬಸ್ಸಿನ ಮೇಲೆ ಬರೆದುಕೊಂಡು ಓಡಾಡುತ್ತಿದೆ.

ಇಲ್ಲಿ ನಾನು ಒಂದು ನಿಯಮ ಕಂಡುಹಿಡಿದೆ. ಕದಂಬರು ಕೂತದ್ದು ಹಾನಗಲ್ಲಿನಲ್ಲಿ, ಬಿರುದಿನಲ್ಲಿ ಬನವಾಸಿ. ರಟ್ಟರು ಕೂತದ್ದು ಸವದತ್ತಿಯಲ್ಲಿ, ಬಿರುದಿನಲ್ಲಿ ಲತ್ತಲೂರು. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಅಂಕಿತ ಕಾಗಿನೆಲೆಯ ಆದಿಕೇಶವನದು. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣರನ್ನು ನಾಡೆಲ್ಲ ಗೋಕಾಕ ಎಂಬ ಬೇರೊಂದು ಊರಿನ ಹೆಸರಿನಿಂದ ಕರೆಯಿತು. ಅವರ ಭಾಷಾ ವರದಿಯ ಬೆನ್ನಿಗೆ ಎದ್ದ ಕನ್ನಡ ಚಳವಳಿಗೂ ಆ ಊರಿನ ಹೆಸರೇ ಬಿತ್ತು. ಇದನ್ನು ‘ಪರಸ್ಥಳನಾಮ ನ್ಯಾಯ’ ಎಂದು ಕರೆದಿದ್ದೇನೆ. ಇರುವ ಊರಿನ ಹೆಸರು ಹಾಕಿಕೊಂಡವನಿಗೆ ತೂಕ ಬರುವುದಿಲ್ಲ. ಹಳ್ಳಿ ಹಳ್ಳಿಯಲ್ಲೂ ಕಾಣುವ ಬೆಂಗಳೂರು ಅಯ್ಯಂಗಾರ್ ಬೇಕರಿ ಈ ನ್ಯಾಯದ ಜೀವಂತ ಉದಾಹರಣೆ. ಶಿಶುನಾಳ ಶರೀಫರು ಮಾತ್ರ ಅಪವಾದ. ತಮ್ಮ ಊರಿನ ಒಡೆಯನನ್ನೇ ಅಂಕಿತ ಮಾಡಿಕೊಂಡರು. ಆದರೆ ಅವರು ಯಾವ ನಿಯಮಕ್ಕೆ ಸಿಕ್ಕಿದ್ದರು ಹೇಳಿ.

ಅಳಿಯ ಈ ನ್ಯಾಯವನ್ನು ಒಪ್ಪಿ ಇನ್ನೂ ಒಂದು ಸಮುದ್ರ ದಾಟಿ ಇಂಗ್ಲಿಷ್ ಹೆಸರೊಂದನ್ನು ಇಟ್ಟುಕೊಂಡ. ಅದನ್ನು ಇಲ್ಲಿ ಬರೆಯುತ್ತಿದ್ದೆ, ನೆನಪಾಗುತ್ತಿಲ್ಲ.

ವೀರಗಲ್ಲು ಮತ್ತು ಫ್ಲೆಕ್ಸು

1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಅಂಥ ಕಾಳಗಗಳಲ್ಲಿ ಬಿದ್ದವರಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರೊಡನೆ ಮೇಲೇರುತ್ತಿರುವ ವೀರ, ಮೇಲೆ ಲಿಂಗದ ಸನ್ನಿಧಿ, ನೆತ್ತಿಯಲ್ಲಿ ಸೂರ್ಯ, ಚಂದ್ರ. ಈಗ ಯಾವುದೇ ಹುಟ್ಟುಹಬ್ಬದ ಫ್ಲೆಕ್ಸ್ ನೋಡಿ. ಕೆಳಗೆ ‘ಶುಭ ಕೋರುವವರು’, ಪಾಸ್‌ಪೋರ್ಟ್ ಅಳತೆಯ ಮುಖಗಳು, ಯಾರ ಮುಖ ಯಾರಿಗಿಂತ ಮುಂದೆ ಎಂದು ಅಂಗಡಿಯಲ್ಲೇ ಕಾದಾಡಿ ಬಂದವು. ನಡುವೆ ಕರಿ ಕನ್ನಡಕದ ಧೀರ, ಮೋಡದ ಮೇಲೆ ನಿಂತವನು. ಮೇಲೆ ದೇವರು, ಸ್ವಾಮಿಗಳು, ನಾಯಕರು. ಎಂಟು ನೂರು ವರ್ಷದಲ್ಲಿ ಲೇಔಟ್ ಕದಲಿಲ್ಲ. ವ್ಯತ್ಯಾಸ ಒಂದೇ: ಕಲ್ಲಿಗೆ ಏರಲು ಸಾಯಬೇಕಿತ್ತು, ಫ್ಲೆಕ್ಸಿಗೆ ಏರಲು ಹುಟ್ಟಿದ್ದರೆ ಸಾಕು.

ಶಾಸನಗಳ ಕೊನೆಗೆ ಬರೆದವನ ಹೆಸರು, ಕಂಡರಿಸಿದ ರೂವಾರಿಯ ಹೆಸರು ಬರುವುದೂ ಉಂಟು. ಶಾಸನ ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪಾಶಯವೂ ಇರುತ್ತದೆ. ಕಾಪಿರೈಟಿನ ಇದಕ್ಕಿಂತ ಬಿಗಿಯಾದ ಒಕ್ಕಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಫ್ಲೆಕ್ಸಿನ ತಾತ್ವಿಕ ಸ್ವರೂಪವನ್ನೂ ಒಂದಿಷ್ಟು ನೋಡಬೇಕು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸುಗಳನ್ನೂ ನಿಷೇಧಿಸಿತು. ಆದ್ದರಿಂದ ಫ್ಲೆಕ್ಸು ಪಾರಮಾರ್ಥಿಕವಾಗಿ ಇಲ್ಲ. ವ್ಯಾವಹಾರಿಕವಾಗಿ ಹತ್ತಕ್ಕೆ ಎಂಟು ಅಳತೆಯಲ್ಲಿ ಇದೆ. ಶಂಕರಾಚಾರ್ಯರು ಹಗ್ಗ, ಹಾವುಗಳ ದೃಷ್ಟಾಂತ ಕೊಟ್ಟು ಸುಮ್ಮನಾದರು. ಬಸ್‌ಸ್ಟ್ಯಾಂಡಿನ ಸರ್ಕಲ್ಲಿನಲ್ಲಿ ಅರ್ಧ ತಾಸು ನಿಂತಿದ್ದರೆ ಮಾಯೆಗೆ ಇನ್ನೂ ಒಳ್ಳೆಯ ದೃಷ್ಟಾಂತ ಸಿಗುತ್ತಿತ್ತು.

ಅಕ್ಷರಕ್ಕೂ ಮೋಕ್ಷವುಂಟು. ನುಡಿ ಫಾಂಟಿನಲ್ಲಿ ಟೈಪಿಸಿದ್ದನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಹೋಗಿ ಯಾವ ಲೋಕದ್ದೋ ಅಕ್ಷರಗಳ ಸಂತೆ ಬರುತ್ತದೆ. ಅದಕ್ಕೇ ಹುಬ್ಬಳ್ಳಿಯ ಪ್ರಿಂಟಿನವರು ಫೋನು ಎತ್ತಿದ ಕೂಡಲೇ ಹೇಳುವ ಮಂತ್ರ: “ಕರ್ವ್ ಮಾಡಿ ಕಳಸ್ರಿ.” ಕರ್ವ್ ಆದ ಮೇಲೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಆಕಾರವಾಗುತ್ತದೆ. ಅದಕ್ಕೆ ಪುನರ್ಜನ್ಮವಿಲ್ಲ, ತಿದ್ದುಪಡಿಯೂ ಇಲ್ಲ. ಕಾಗುಣಿತ ತಪ್ಪಿದ್ದರೆ ಆ ಪಾಪಸಮೇತ ಮುಕ್ತಿ.

ಸವಣೂರಿನ ಹುಣಸೆ

ಸವಣೂರಿನ ವೀಳ್ಯದೆಲೆಗೆ ಲೋಗೋ ಇಲ್ಲ. ಕಟ್ಟು ಬಿಚ್ಚಿ ಬಾಯಿಗೆ ಹಾಕಿಕೊಂಡವನಿಗೆ ಬೋರ್ಡಿನ ಹಂಗೂ ಇಲ್ಲ. ಇದು ನಿರ್ಗುಣ ಬ್ರ್ಯಾಂಡ್. ಅಳಿಯನಂಥ ಸಗುಣೋಪಾಸಕರಿಗೆ ಇಲ್ಲಿ ಕೆಲಸ ಹುಟ್ಟುವುದಿಲ್ಲ. ಆದರೆ ಅದೇ ಊರಿನ ದೊಡ್ಡ ಹುಣಸೆಯ ಕಲ್ಮಠದ ಮೂರು ಮರಗಳು ನನ್ನ ಸಂಶೋಧನೆಯ ದಿಕ್ಕನ್ನೇ ಬದಲಿಸಿದವು. ಇಬ್ಬರು ಮೂವರು ತೋಳು ಚಾಚಿದರೂ ತೆಕ್ಕೆಗೆ ಸಿಗದ ಆ ಮರಗಳ ಬೀಜ ಆಫ್ರಿಕಾದ್ದು. ಸಸ್ಯಶಾಸ್ತ್ರದವರು ಬಾವೊಬಾಬ್ ಎನ್ನುತ್ತಾರೆ. ಹುಣಸೆಗೂ ಅದಕ್ಕೂ ರಕ್ತಸಂಬಂಧವಿಲ್ಲ. ಕಾಯಿಯ ತಿರುಳು ಹುಳಿ ಇತ್ತು, ಜನ ನೋಡಿದರು, ‘ದೊಡ್ಡ ಹುಣಸೆ’ ಅಂದರು. ಮರವನ್ನು ಕೇಳಲಿಲ್ಲ. ಆ ಹೆಸರು ಮರದಿಂದ ಮಠಕ್ಕೂ ಏರಿತು.

ಈ ಟಿಪ್ಪಣಿಯನ್ನು ಅಳಿಯನಿಗೆ ಓದಿ ತೋರಿಸಿದಾಗ ಅವನು ನಕ್ಕಿದ್ದ.

ಹೋರಿ ಪ್ರಕರಣ

ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಜೊತೆ ಹೆಸರು ಬೆಸೆದುಕೊಂಡ ಸರ್ವಜ್ಞನದು ಕನ್ನಡದ ಅತಿ ಯಶಸ್ವಿ ಟ್ರೇಡ್‌ಮಾರ್ಕು. ಪ್ರತಿ ತ್ರಿಪದಿಯ ಕೊನೆಗೆ ಮುದ್ರೆ. ಮುದ್ರೆಗೆ ಬೆಲೆ ಬಂದದ್ದರಿಂದಲೇ ಯಾರು ಯಾರೋ ಹೊಸೆದ ಪದ್ಯಕ್ಕೂ ಅದನ್ನು ಒತ್ತಿ ಬಿಟ್ಟರು. ಅಸಲಿ ಎಷ್ಟು, ನಕಲಿ ಎಷ್ಟು ಎಂದು ಸಂಪಾದಕರು ಇನ್ನೂ ಹೆಕ್ಕುತ್ತಲೇ ಇದ್ದಾರೆ. ಆದರೆ ಈ ಸೀಮೆಗೆ ನಾನು ಹೋದದ್ದು ಸರ್ವಜ್ಞನಿಗಾಗಿ ಅಲ್ಲ. ಹೋರಿಗಾಗಿ.

ದೀಪಾವಳಿಯ ಬೆನ್ನಿಗೆ ಈ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಕೊರಳ ತುಂಬ ಕೊಬ್ಬರಿ ಸರ, ಕೋಡಿಗೆ ಬಲೂನು, ರಿಬ್ಬನ್ನು, ಬೆನ್ನ ಮೇಲೆ ಜೂಲು. ಅಖಾಡದ ಇಕ್ಕೆಲದಲ್ಲಿ ಸಾವಿರಾರು ಜನ. ಹೋರಿ ಬಾಣದಂತೆ ಬರುತ್ತದೆ, ಹುಡುಗರು ಕೊಬ್ಬರಿ ಹರಿಯಲು ಎರಗುತ್ತಾರೆ. ಯಾರ ಕೈಗೂ ಕೊಬ್ಬರಿ ಕೊಡದೆ ದಾಟಿದ ಹೋರಿಗೆ ಹೆಸರು. ಆ ಹೆಸರೂ ಎಂಥದ್ದು! ಸಿನಿಮಾ ನಾಯಕನದು, ಖಳನಾಯಕನದು, ಸಿಡಿಲಿನದು, ಹುಲಿಯದು, ಮುಂದೆ ಊರಿನದು.

ಅಲ್ಲಿ ನಿಂತು ನೋಟ್‌ಬುಕ್ ತೆಗೆದವನಿಗೆ ಮೈ ಜುಮ್ಮೆಂದಿತು. ಲಾಂಛನ? ಅಭಿಮಾನಿಗಳ ಟೀಶರ್ಟಿನ ಮೇಲೆ ಹೋರಿಯ ಮುಖ. ಧ್ವಜ? ಕೋಡುಗಳ ನಡುವೆ ಎತ್ತಿ ಕಟ್ಟಿದ ಹೆಸರಿನ ಪಟ್ಟಿ. ತೂರ್ಯ? ಮೈಕಿನವನ ಕೂಗು, ಹಿಂದೆ ಡಿಜೆಯ ಹಾಡು. ಬಿರುದು? ಇಂಥ ಊರಿನ ಇಂಥ ಡಾನ್, ಅಂದರೆ ಸಾಕ್ಷಾತ್ ಪುರವರಾಧೀಶ್ವರ. ಕದಂಬರು ಬಿಟ್ಟುಹೋದ ನಾಲ್ಕು ಅಂಗಗಳೂ ಒಂದೂ ಊನವಾಗದೆ ಎತ್ತಿನ ಮೈಮೇಲೆ ಉಳಿದುಕೊಂಡಿವೆ. ಹೋರಿ ತೀರಿಕೊಂಡರೆ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸೂ ಆಗುತ್ತದೆ. ದನದ ಚರ್ಮದಿಂದ ಹೊರಟ ಶಬ್ದ ಜಗತ್ತು ಸುತ್ತಿ ದನದ ಚರ್ಮಕ್ಕೇ ಮರಳಿತು, ಈ ಸಲ ಸುಡದೆ. ಇಲ್ಲಿ ಬ್ರ್ಯಾಂಡ್ ಕಟ್ಟಿದ್ದು ಟೀಶರ್ಟೂ ಅಲ್ಲ, ಡಿಜೆಯೂ ಅಲ್ಲ. ಕೊಬ್ಬರಿ ಹರಿಸಿಕೊಂಡ ಹೋರಿಗೆ ಎಷ್ಟು ದೊಡ್ಡ ಫ್ಲೆಕ್ಸ್ ಹಾಕಿದರೂ ಅಖಾಡದಲ್ಲಿ ನಗುತ್ತಾರೆ.

ಪರಿಶಿಷ್ಟ: ಫಲಕದ ಪಾಠದೋಷ

ಈ ನಡುವೆ ಅಳಿಯ ತನ್ನ ಅಂಗಡಿಗೇ ಫಲಕ ಮಾಡಿಸಿದ. ಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು ಎಂಬ 2024ರ ಕಾನೂನನ್ನು ಟೇಪು ಹಿಡಿದು ಪಾಲಿಸಿದ. ಕೆಳಗೆ, ನನಗೆ ನೆನಪಾಗದ ಆ ಹೆಸರು ಸಣ್ಣದಾಗಿ. ಮೇಲೆ ದಪ್ಪ ಅಕ್ಷರದಲ್ಲಿ ‘ಇಲ್ಲಿ ದೊರೆಯುತ್ತದೆ: ಎಲ್ಲ ತರದ ಬ್ರಾಂಡಿಂಗ್’. ಕರ್ವ್ ಮಾಡಿ ಹುಬ್ಬಳ್ಳಿಗೆ ಕಳಿಸಿದ. ಫ್ಲೆಕ್ಸು ಬಂತು. ಕಬ್ಬಿಣದ ಚೌಕಟ್ಟು ಮಾಡಿದವನ ಅಳತೆ ನಾಲ್ಕು ಬೆರಳು ಕಮ್ಮಿ ಬಿದ್ದಿತ್ತು. ಅವನು ಹೆಚ್ಚಾದ ಅಂಚನ್ನು ಹಿಂದಕ್ಕೆ ಮಡಚಿ ಬಿಗಿಯಾಗಿ ಕಟ್ಟಿ ನಿಲ್ಲಿಸಿ ಹೋದ. ಮಡಿಕೆಯೊಳಗೆ ಹೋದದ್ದು ಒಂದು ಸೊನ್ನೆ, ಒಂದು ‘ಗ್’.

ಊರು ಓದಿತು: ‘ಇಲ್ಲಿ ದೊರೆಯುತ್ತದೆ: ಎಲ್ಲ ತರದ ಬ್ರಾಂಡಿ’.

ಯಕಾರದ ಒತ್ತು ಇದ್ದಿದ್ದರೆ ಸಂಶಯಕ್ಕಾದರೂ ಜಾಗವಿರುತ್ತಿತ್ತು. ಮೊದಲ ದಿನ ಸಂಜೆ ಇಬ್ಬರು ಬಂದು ವಿಚಾರಿಸಿದರು. ಒಬ್ಬರು ವಿಚಾರಿಸದೆ ನೇರ ಒಳಗೇ ಬಂದರು. ಮೂರನೆಯ ದಿನ ಫಲಕ ಸರಿ ಮಾಡಿಸಿದ್ದಾಯಿತು, ಆದರೆ ಹೆಸರು ಅಷ್ಟರಲ್ಲಿ ದೊಡ್ಡ ಹುಣಸೆಯಾಗಿತ್ತು. ಆಟೋದವರು ‘ಬ್ರಾಂಡಿ ಸ್ಟಾಪು’ ಎನ್ನತೊಡಗಿದರು. ಅಕ್ಕ ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟಳು.

ದೀಪಾವಳಿಗೆ ಎಂಟು ದಿನ ಇರುವಾಗ ಹಿರೇಕೆರೂರು ಕಡೆಯಿಂದ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ಮೊಬೈಲಿನಲ್ಲಿ ತಮ್ಮ ಹೋರಿಯ ಫೋಟೋ ಹಿಡಿದಿದ್ದರು.

“ಬ್ರಾಂಡಿ ಗ್ರಾಫಿಕ್ಸ್ ಎಲ್ಲೈತ್ರಿ? ಹೋದ ವಾರ ಒಂದು ಹೋರಿ ಬ್ಯಾನರ್ ಮಾಡ್ಯಾರಲ್ಲ, ಭಾರಿ ಬಂದಿತ್ತು. ಅವ್ರ ಕಡೇನೇ ಮಾಡಸ್ಬೇಕು.”

ಅಳಿಯ ನನ್ನ ಮುಖ ನೋಡಿದ. ನಾನು ನೋಟ್‌ಬುಕ್ ನೋಡಿದೆ.

“ಇದೇರಿ. ಒಳಗ ಬರ್ರಿ” ಅಂದ.

ಸಂಜೆಯವರೆಗೆ ಕೂತು ಮಾಡಿದ. ಹಿಂದೆ ಸಿಡಿಲು, ಕಾಲ ಕೆಳಗೆ ಧೂಳು, ಕೋಡಿನ ಮೇಲೆ ಬೆಳಕು, ಬೋಳು ಜಾಗ ಎಲ್ಲಿಯೂ ಇಲ್ಲ. ಹುಡುಗರು ಕುಣಿದಾಡುವುದೊಂದು ಬಾಕಿ. ಅವರು ಹೋದ ಮೇಲೆ ಬಲಗಡೆಯ ಮೂಲೆಯನ್ನು ದೊಡ್ಡದು ಮಾಡಿ, ರೂವಾರಿಯ ಜಾಗದಲ್ಲಿ ಅರ್ಧ ಇಂಚಿನ ಅಕ್ಷರದಲ್ಲಿ ತಾನೇ ಟೈಪಿಸಿದ: ‘ವಿನ್ಯಾಸ: ಬ್ರಾಂಡಿ ಗ್ರಾಫಿಕ್ಸ್, ಹಾನಗಲ್’. ಒಂದು ಸಲ ಓದಿಕೊಂಡ, ಕರ್ವ್ ಮಾಡಿ ಕಳಿಸಿದ.

ಅಕ್ಕನಿಗೆ ಇನ್ನೂ ತೋರಿಸಿಲ್ಲ.