ಲಘುಗಂಟು ಮೀಮಾಂಸೆ: ಡೊಂಬಿವಲಿ ಪಾಠ

ವಿದೇಶ ಪ್ರವಾಸ ಎರಡು ಬಗೆಯದು: ಮಾಡಿದ್ದು ಮತ್ತು ಕನಸಿನಲ್ಲಿ ಕಂಡದ್ದು. ಮೊದಲನೆಯದಕ್ಕೆ ಪಾಸ್‌ಪೋರ್ಟ್, ವೀಸಾ, ರಜೆ, ರೊಕ್ಕ ಎಲ್ಲವೂ ಬೇಕು. ಎರಡನೆಯದಕ್ಕೆ ಲೋಕಲ್ ರೈಲಿನ ಕಿಟಕಿ ಪಕ್ಕದ ಸೀಟೊಂದು ಸಾಕು. ಬೆಳಗ್ಗೆ ಎಂಟರ ಮೇಲೆ ಡೊಂಬಿವಲಿಯಲ್ಲಿ ಅದೂ ಸಿಗದ ಕಾರಣ ಇಲ್ಲಿಯ ಕನ್ನಡಿಗರು ನಿಂತುಕೊಂಡೇ ಸ್ವಿಟ್ಜರ್ಲೆಂಡಿಗೆ ಹೋಗಿಬರುತ್ತಾರೆ. ಹಗುರವಾಗಿ ಗಂಟು ಕಟ್ಟುವ ವಿದ್ಯೆಗೆ ಠಾಣೆ, ಡೊಂಬಿವಲಿ, ಕಲ್ಯಾಣಗಳೇ ತವರು ಎಂದು ಸಾಧಿಸುವುದು ಈ ಮೀಮಾಂಸೆಯ ಉದ್ದೇಶ. ನವಿ ಮುಂಬಯಿಯನ್ನು ಪರಿಶಿಷ್ಟದಲ್ಲಿ ನೋಡಿಕೊಳ್ಳಲಾಗುವುದು.

ಮೊದಲಿಗೆ ಪ್ರಾಚೀನ ಆಕರ. ಸುಮಾರು ಒಂದನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್'ನಲ್ಲಿ ಕಲ್ಯಾಣದ ಹೆಸರಿದೆ. ಅಲ್ಲಿಗೆ ಅಕಸ್ಮಾತ್ ಬಂದು ತಗಲಿಕೊಂಡ ಗ್ರೀಕ್ ಹಡಗುಗಳನ್ನು ಕಾವಲು ಸಮೇತ ಬರಿಗಾಜಕ್ಕೆ, ಅಂದರೆ ಈಗಿನ ಭರೂಚಿಗೆ, ಸಾಗಹಾಕುವುದಿತ್ತಂತೆ. ಬಂದವರನ್ನು "ಇಲ್ಲಲ್ಲ, ಆ ಕೌಂಟರಿಗೆ ಹೋಗಿ" ಎಂದು ಅಟ್ಟುವ ಪದ್ಧತಿಗೆ ಇದಕ್ಕಿಂತ ಹಳೆಯ ಪ್ರಮಾಣ ವಿದ್ವಾಂಸರಿಗೆ ಬೇಕಾಗಲಾರದು.

ಎರಡನೆಯ ಆಕರ ಜೂಲ್ಸ್ ವರ್ನ್. ಎಂಬತ್ತು ದಿನಗಳಲ್ಲಿ ಜಗತ್ತು ಸುತ್ತುವ ಅವನ ಕಾದಂಬರಿಯ ಫಿಲಿಯಾಸ್ ಫಾಗ್ ಲಘುಗಂಟು ಪಂಥದ ಆದಿಗುರು. ಅವನ ಚೀಲದಲ್ಲಿದ್ದದ್ದು ಎರಡು ಅಂಗಿ, ಮೂರು ಜೊತೆ ಕಾಲುಚೀಲ, ಸೇವಕನಿಗೂ ಅಷ್ಟೇ. ಈತ 1872ರ ಅಕ್ಟೋಬರ್ 20ರ ರಾತ್ರಿ ಎಂಟಕ್ಕೆ ಮುಂಬಯಿಯಲ್ಲಿ ರೈಲು ಹತ್ತಿ ಕಲ್ಯಾಣದ ಮೇಲೆಯೇ ಹಾದುಹೋದ. ಪುಣೆಯ ಕವಲು ಅಲ್ಲಿಂದ ಒಡೆಯುತ್ತದೆ ಎಂಬ ವಿವರವನ್ನೂ ವರ್ನ್ ಬರೆದಿದ್ದಾನೆ; ಕಥಾನಾಯಕ ಮಾತ್ರ ಕಿಟಕಿಯಿಂದ ಹೊರಗೆ ನೋಡುವ ಜಾತಿಯವನಲ್ಲ. ಇಲ್ಲಿ ಅವಸರದ ಓದುಗರು ಬಿಟ್ಟುಬಿಡುವ ಸಂಗತಿಯೊಂದಿದೆ. ಆ ಹಗುರ ಚೀಲದಲ್ಲಿ ಅಂಗಿಗಳ ಜೊತೆಗೆ ಇಪ್ಪತ್ತು ಸಾವಿರ ಪೌಂಡಿನ ನೋಟುಗಳೂ ಇದ್ದವು. ಮುಂದೆ ಹಳಿ ಮುಗಿದ ಕಡೆ ಫಾಗ್ ಎರಡು ಸಾವಿರ ಪೌಂಡ್ ಎಣಿಸಿ ಒಂದು ಆನೆಯನ್ನೇ ಕೊಂಡ. ಎರಡಂಗಿಯಲ್ಲಿ ಲೋಕ ಸುತ್ತಿ ಎಂದು ಉಪದೇಶಿಸುವವರ ಕಿಸೆಯನ್ನು ಮೊದಲು ತಡವಿ ನೋಡಬೇಕೆಂಬ ನಿಯಮ ಹುಟ್ಟಿದ್ದು ಇಲ್ಲಿಂದ.

ಈಗ ಸೂತ್ರಗಳು.

ಸೂತ್ರ ಒಂದು: ಪಯಣ ಹೆಚ್ಚಿದಷ್ಟೂ ಗಂಟು ಕುಗ್ಗುತ್ತದೆ.

ಭಾಷ್ಯ: 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂತು, ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅಂದಿನಿಂದ ಇಲ್ಲಿಯವರ ಚೀಲ ಸಣ್ಣದಾಗುತ್ತಲೇ ಬಂದು ಈಗ ಡಬ್ಬಿ, ನೀರಿನ ಬಾಟಲಿ, ಮಡಚುವ ಕೊಡೆ, ಪಾಸು ಇಷ್ಟಕ್ಕೆ ನಿಂತಿದೆ. ಬೆನ್ನಿನ ಚೀಲ ಬೋಗಿಯೊಳಗೆ ಕಾಲಿಡುವ ಮೊದಲೇ ಎದೆಗೆ ಬಂದಿರುತ್ತದೆ. ಒಳಗೆ ಅದು ಕೈಯಿಂದ ಕೈಗೆ ದಾಟಿ ಕಿಟಕಿಯ ಮೇಲಿನ ಹಲಗೆ ಸೇರುತ್ತದೆ, ಚೀಲದ ಧಣಿ ಬಾಗಿಲ ಬಳಿಯೇ ಸಿಕ್ಕಿಕೊಂಡಿರುತ್ತಾನೆ. ಇಳಿಯುವ ಸ್ಟೇಷನ್ ಬಂತೆಂದರೆ "ಅದೇ, ಕರಿ ಬ್ಯಾಗು" ಎಂಬ ಕೂಗಿಗೆ ಹತ್ತು ಕರಿ ಬ್ಯಾಗುಗಳ ನಡುವಿನಿಂದ ಸರಿಯಾದದ್ದೇ ತಿರುಗಿ ಬರುತ್ತದೆ. ಟ್ಯಾಗಿಲ್ಲ, ರಸೀದಿಯಿಲ್ಲ. ಯಾವ ವಿಮಾನ ಕಂಪನಿಯೂ ಇದನ್ನು ಅಧ್ಯಯನ ಮಾಡಲು ಬಂದಂತಿಲ್ಲ.

ಸೂತ್ರ ಎರಡು: ಕನಸು ಹಳೆಯದಾದಷ್ಟೂ ಗಂಟು ಹಿಗ್ಗುತ್ತದೆ.

ಭಾಷ್ಯ: ಗೋಕಾಕರ 'ಸಮುದ್ರದಾಚೆಯಿಂದ', ಕಾರಂತರ 'ಅಪೂರ್ವ ಪಶ್ಚಿಮ', 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು' ಇವನ್ನೆಲ್ಲ ಲೋಕಲ್ಲಿನಲ್ಲೇ ಓದಿ ಮುಗಿಸಿದ ಗೃಹಸ್ಥನಿಗೆ ನಿವೃತ್ತಿಯಾದ ಮೇಲೆ ಯೋಗ ಕೂಡಿಬರುತ್ತದೆ. ಮಗಳ ಬಾಣಂತನ, ನ್ಯೂಜೆರ್ಸಿ. ತಲಾ ಇಪ್ಪತ್ತಮೂರು ಕಿಲೋದ ಎರಡು ಪೆಟ್ಟಿಗೆ ಒಯ್ಯಬಹುದೆಂದು ಟಿಕೆಟ್ ಹೇಳಿದರೆ ಅದನ್ನು ಅನುಮತಿ ಎಂದು ಯಾರೂ ಓದುವುದಿಲ್ಲ, ಅಪ್ಪಣೆ ಎಂದೇ ಓದುತ್ತಾರೆ. ಮೂವತ್ತು ವರ್ಷ ಕೊಡೆ, ಡಬ್ಬಿಗಳಲ್ಲಿ ಜೀವ ಸಾಗಿಸಿದ ಮನುಷ್ಯ ಈಗ ಹಾಲಿನ ನಡುವೆ ಪೆಟ್ಟಿಗೆ ತಬ್ಬಿಕೊಂಡು ತೂಕದ ಯಂತ್ರ ಹತ್ತುತ್ತಾನೆ. ಪೆಟ್ಟಿಗೆ ಅಡ್ಡವಾಗಿ ಅವನಿಗೆ ಅಂಕಿ ಕಾಣದು. ಹೆಂಡತಿ ನೆಲಕ್ಕೆ ಬಗ್ಗಿ ಓದುತ್ತಾಳೆ. ಅವನ ಮೈತೂಕ ಕಳೆದು ಲೆಕ್ಕ ತೆಗೆಯಬೇಕು. ಮೈತೂಕ ಎಷ್ಟೆಂಬುದರಲ್ಲೇ ಭಿನ್ನಾಭಿಪ್ರಾಯ. ಕೊನೆಗೆ ಹೊರಬೀಳುವುದು ಅವನ ಸ್ವೆಟರು, ಒಳಗೆ ಉಳಿಯುವುದು ಹಲಸಿನ ಹಪ್ಪಳ.

ಪೂರ್ವಪಕ್ಷ: "ಇಲ್ಲಿ ಎಲ್ಲಾ ಸಿಗುತ್ತೆ ಅಮ್ಮಾ." ನ್ಯೂಜೆರ್ಸಿಯ ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ಸಾಲುಸಾಲು ಭಾರತೀಯ ಅಂಗಡಿಗಳಿರುವುದು ನಿಜವಾದ್ದರಿಂದ ವಾದ ಬಲವಾದದ್ದೇ. ಉತ್ತರಪಕ್ಷ: ಸಿಗುವುದು ಬೇರೆ, ಒಯ್ಯುವುದು ಬೇರೆ. 1998ರ ಮೇ ತಿಂಗಳಿಂದ ಮತ್ಸ್ಯಗಂಧಾ ರೈಲು ಮಂಗಳೂರಿನಿಂದ ಠಾಣೆಗೆ ಕುಚ್ಚಲಕ್ಕಿ, ತೆಂಗಿನಕಾಯಿ, ಮಿಡಿ ಉಪ್ಪಿನಕಾಯಿ ಹೊತ್ತು ತರುತ್ತಲೇ ಇದೆ. ಡೊಂಬಿವಲಿಯಲ್ಲಿ ತೆಂಗಿನಕಾಯಿ ಸಿಗುವುದಿಲ್ಲ ಎಂದು ಯಾರೂ ಎಂದೂ ವಾದಿಸಿಲ್ಲ.

ಕಲ್ಯಾಣದಿಂದ ಹೊರಟವರ ಮಾತು ಬಂದಾಗ ಶಾಸ್ತ್ರ ತುಸು ಹೊತ್ತು ನಗೆ ಬದಿಗಿಡಬೇಕಾಗುತ್ತದೆ. 1865ರಲ್ಲಿ ಅಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ 1883ರಲ್ಲಿ, ಹದಿನೆಂಟರ ಹರೆಯದಲ್ಲಿ, ಗಂಡನ ಜೊತೆಯೂ ಇಲ್ಲದೆ ಕಲ್ಕತ್ತೆಯಿಂದ ಹಡಗು ಹತ್ತಿದಳು. ಫಿಲಡೆಲ್ಫಿಯಾದ ಚಳಿಯಲ್ಲೂ ಸೀರೆ ಬಿಡಲಿಲ್ಲ. 1886ರಲ್ಲಿ ವೈದ್ಯ ಪದವಿ ಗಳಿಸಿ, ಅದೇ ವರ್ಷ ದೇಶಕ್ಕೆ ಮರಳಿ, ಮರುವರ್ಷ ತೀರಿಕೊಂಡಳು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎನ್ನುತ್ತಿದ್ದ ಕಾಲದಲ್ಲಿ ಆ ಹುಡುಗಿ ಹೊತ್ತದ್ದನ್ನು ತೂಗುವ ಯಂತ್ರ ಯಾವ ಬಂದರಿನಲ್ಲೂ ಇರಲಿಲ್ಲ.

ಚಕ್ರಪ್ರಕರಣ ಚಿಕ್ಕದು. ಬರ್ನಾರ್ಡ್ ಸ್ಯಾಡೋ ಎಂಬ ಅಮೆರಿಕನ್ನ 1972ರಲ್ಲಿ ಪೆಟ್ಟಿಗೆಗೆ ಚಕ್ರ ಜೋಡಿಸಿದ್ದಕ್ಕೆ ಪೇಟೆಂಟ್ ಪಡೆದ. ಎತ್ತಲಾಗದ್ದನ್ನು ಎಳೆಯಬಹುದು ಎಂದಾಗಿ ಜನ ಇನ್ನಷ್ಟು ತುಂಬತೊಡಗಿದರು. ಪಾದಚಾರಿ ಸೇತುವೆಯ ಮೆಟ್ಟಿಲ ಮೇಲೆ ಸ್ಯಾಡೋ ಯಾರಿಗೂ ಒದಗುವುದಿಲ್ಲ.

ಪರಿಶಿಷ್ಟ, ನವಿ ಮುಂಬಯಿ: 1970ರಲ್ಲಿ ನಗರಾಭಿವೃದ್ಧಿ ನಿಗಮ ಸಿಡ್ಕೋ ಹುಟ್ಟಿ, ಊರು ಕಟ್ಟಿ, ಕೊನೆಗೂ 2025ರ ಅಕ್ಟೋಬರ್ 8ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಡಿಸೆಂಬರ್ 25ರಿಂದ ವಿಮಾನಗಳೂ ಹಾರಿದವು. ನಿಲ್ದಾಣ ಹತ್ತಿರ ಬಂದದ್ದರಿಂದ ಗಂಟು ಹಗುರಾದೀತೇ ಎಂಬ ಪ್ರಶ್ನೆ ನೆರೂಳ್, ವಾಶಿಯ ಕನ್ನಡಿಗರಲ್ಲಿ ಎದ್ದರೆ ಉತ್ತರ ಮೊದಲ ಸೂತ್ರದಲ್ಲೇ ಇದೆ: ಹತ್ತಿರವಾದರೆ ಸಾಲದು, ಮೇಲಿಂದ ಮೇಲೆ ಹೋಗಬೇಕು. ಅದಕ್ಕೆ ಪಾಸು ಕೊಡುವ ವಿಮಾನ ಕಂಪನಿ ಇನ್ನೂ ಬರಬೇಕು.

ಅಲ್ಲಿಯವರೆಗೆ ಹೊರಟು ನಿಂತವರು ಇಷ್ಟು ಗಮನಿಸಿ: ಎಣ್ಣೆಯಂಶವಿರುವ ಒಣಕೊಬ್ಬರಿ ತಾನೇ ಕಾವೇರಿ ಹೊತ್ತಿಕೊಳ್ಳಬಹುದೆಂದು ಅದನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಉಪ್ಪಿನಕಾಯಿ ಕೈಚೀಲದಲ್ಲಿ ಇರಲೇಬಾರದು.