ಘಾಟಿಯಲ್ಲಿ ಬಂಪರಿಗೆ ಅಂಟಿ ನಿಲ್ಲುವ ಮಹನೀಯರಿಗೆ

ಮಾನ್ಯರೇ,

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಯಾವುದರಲ್ಲೇ ವಾಹನಗಳು ಸಾಲುಗಟ್ಟಿ ನಿಲ್ಲಲಿ, ಮುಂದಿನ ಕಾರಿಗೂ ನಿಮ್ಮ ಕಾರಿಗೂ ನಡುವೆ ಗೇಣು ಜಾಗವನ್ನೂ ಬಿಡದೆ ನಿಲ್ಲುತ್ತೀರಲ್ಲ, ಆ ಧೈರ್ಯಕ್ಕೆ ನಮಸ್ಕಾರ. ಗುರುತು ಪರಿಚಯವಿಲ್ಲದವರ ಕ್ಲಚ್ಚಿನ ಮೇಲೆ ಇಷ್ಟು ನಂಬಿಕೆ ಇಡುವವರು ಈ ಕಾಲದಲ್ಲಿ ಸಿಗುವುದು ಕಷ್ಟ.

"ಈಗಿನ ಕಾರಿಗೆಲ್ಲ ಹಿಲ್ ಅಸಿಸ್ಟ್ ಇರುತ್ತೆ ಬಿಡ್ರಿ" ಎನ್ನುತ್ತೀರಿ. ಎಲ್ಲದಕ್ಕೂ ಇರುವುದಿಲ್ಲ. ಇದ್ದ ಕಾರಿನಲ್ಲೂ, ಅದನ್ನು ತಯಾರಿಸಿದವರಿಗೇ ನಿಮ್ಮಷ್ಟು ಭಕ್ತಿಯಿಲ್ಲ. ಬೇಕಾದರೆ ಕಾರಿನ ಜೊತೆ ಕೊಡುವ ಕೈಪಿಡಿ ಓದಿ.

ಹಿಲ್ ಅಸಿಸ್ಟಿನ ಕೆಲಸ ಇಷ್ಟೇ. ಕಾರು ಏರಿನಲ್ಲಿ ನಿಂತಿದೆಯೆಂದು ಸೆನ್ಸರ್ ಗುರುತಿಸುತ್ತದೆ. ಚಾಲಕ ಬ್ರೇಕಿನಿಂದ ಕಾಲೆತ್ತಿದರೂ ವಾಲ್ವುಗಳು ಬ್ರೇಕ್ ಆಯಿಲಿನ ಒತ್ತಡವನ್ನು ಹಿಡಿದಿಡುತ್ತವೆ, ಸಾಮಾನ್ಯವಾಗಿ ಎರಡು ಸೆಕೆಂಡಿನಷ್ಟು. ಅಷ್ಟರೊಳಗೆ ಎಂಜಿನ್ ಎಳೆದುಕೊಂಡರೆ ಬ್ರೇಕ್ ಬಿಡುತ್ತದೆ. ಎಳೆದುಕೊಳ್ಳದಿದ್ದರೂ ಬಿಡುತ್ತದೆ! ನಿಮ್ಮ ಬಾನೆಟ್ಟಿಗೆ ಸಂಬಂಧಿಸಿದ್ದು ಈ ಎರಡನೆಯ ಸಂಗತಿ.

ಅಮೆರಿಕದ ಸ್ಟುಡ್‌ಬೇಕರ್ ಕಂಪನಿ 1936ರಲ್ಲೇ ‘ಹಿಲ್ ಹೋಲ್ಡರ್’ ಕೊಟ್ಟಿತ್ತು. ಕ್ಲಚ್ ತುಳಿದಿರುವಷ್ಟು ಹೊತ್ತೂ ಬ್ರೇಕ್ ಹಿಡಿದೇ ಇರುತ್ತಿತ್ತು. ಆ ಮುದುಕನಿಗಿದ್ದ ತಾಳ್ಮೆ ಇಂದಿನ ಎಲೆಕ್ಟ್ರಾನಿಕ್ ಮರಿಗಿಲ್ಲ.

ಈ ಮರಿಯ ಇನ್ನಷ್ಟು ಹಟಗಳೂ ನಿಮಗೆ ಗೊತ್ತಿರಲಿ. ಏರು ಸಣ್ಣದಾದರೆ ಇದಕ್ಕೆ ಅದು ಏರೇ ಅಲ್ಲ. ಕೆಲವು ಕಾರುಗಳಲ್ಲಿ ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಎಚ್ಚರವಾಗುವುದೇ ಇಲ್ಲ. ಹೊರೆ ಹೆಚ್ಚಾಗಿ ಏರು ಕಡಿದಾದರೆ ಹಿಡಿತ ಸಾಲದೆ ಹೋಗಬಹುದು. ಮಳೆಗಾಲದ ರಾಡಿಯಲ್ಲಂತೂ ಬ್ರೇಕ್ ಚಕ್ರವನ್ನು ಹಿಡಿದೀತು, ಚಕ್ರ ರಸ್ತೆಯನ್ನು ಹಿಡಿಯಬೇಕಲ್ಲ? ನಾಲ್ಕೂ ಚಕ್ರ ತಿರುಗದೆಯೇ ಕಾರು ಹಿಂದಕ್ಕೆ ಜಾರಬಲ್ಲದು.

ಇಷ್ಟರ ಮೇಲೆ ತಾವು ಹಿಂದಿನಿಂದ ಹಾರನ್ ಒತ್ತುತ್ತೀರಿ. ಹಾರನ್ನಿನಿಂದ ಮುಂದಿನ ಎಂಜಿನ್ನಿನ ಟಾರ್ಕ್ ಹೆಚ್ಚುವುದಿಲ್ಲ. ಹೊಸದಾಗಿ ಕಲಿತವರ ಕಾಲು ಕ್ಲಚ್ಚಿನಿಂದ ಗಕ್ಕನೆ ಮೇಲೆದ್ದು, ಕಾರು ಆಫ್ ಆಗುತ್ತದೆ. ಎರಡು ಸೆಕೆಂಡು ಅಲ್ಲಿಗೆ ಮುಗಿಯಿತು.

ಆದ್ದರಿಂದ ಒಂದು ವಿನಂತಿ. ಮುಂದಿನ ಕಾರಿನ ಹಿಂಬದಿಯ ಟೈರು ರಸ್ತೆಗೆ ತಾಗಿರುವ ಜಾಗ ನಿಮ್ಮ ಸೀಟಿನಿಂದ ಕಾಣುವಷ್ಟು ದೂರದಲ್ಲಿ ನಿಲ್ಲಿ. ಘಾಟಿಯಲ್ಲಾದರೆ ಇನ್ನೂ ಸ್ವಲ್ಪ ಹಿಂದೆ. ಹೊತ್ತು ಹಿಡಿಯುವಂತಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯಿರಿ; ಅದಕ್ಕೆ ಸೆಕೆಂಡಿನ ಲೆಕ್ಕವಿಲ್ಲ.

ಇಂತಿ,
ನಿಮ್ಮ ಮುಂದಿನ ಕಾರಿನವ