ಬೃಹತ್ ಕ್ಯಾಬಿನೆಟ್ ಮೀಮಾಂಸೆ

ಜುಹೂ ಎಂಬ ಯಜ್ಞದ ಸೌಟು ಮುತ್ತುಗದ ಮರದ್ದೇ ಆಗಿರಬೇಕೆ, ಆಗಿದ್ದರೆ ಅದರಿಂದ ಬರುವ ಫಲವೇನು ಎಂದು ನಮ್ಮ ಮೀಮಾಂಸಕರು ಶತಮಾನಗಳ ಕಾಲ ತಲೆ ಕೆಡಿಸಿಕೊಂಡರು. ಅವರ ಕ್ರಮ ಅಚ್ಚುಕಟ್ಟಿನದು: ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ. ಒಂದು ಸೌಟಿಗೆ ಇಷ್ಟು ವಿಚಾರ ಸಲ್ಲುವುದಾದರೆ, ಹತ್ತಾರು ಸಾವಿರ ರೂಪಾಯಿ ಸುರಿದು ಮನೆಗೆ ತರುವ ಖಾಲಿ ಡಬ್ಬಕ್ಕೆ ಏಕೆ ಸಲ್ಲಬಾರದು? ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ವಿಷಯ. ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ಹೊಟ್ಟೆಯೊಳಗಿಟ್ಟುಕೊಂಡು, ತಾನು ಮಾತ್ರ ಎರಡಕ್ಕೆ ಎರಡು ಕೂಡಿಸುವ ಕೆಲಸವನ್ನೂ ಮಾಡದೆ ನಿಂತಿರುವ ಲೋಹದ ಪೆಟ್ಟಿಗೆಯೇ ಕ್ಯಾಬಿನೆಟ್. ಅದರಲ್ಲಿ ಮಿನಿ, ಮಿಡ್, ಫುಲ್ ಎಂಬ ತ್ರಿವಿಧ ಟವರುಗಳಿವೆ. ಮೊದಲೆರಡು ಸಂಸಾರಸ್ಥರಿಗೆ. ಮೂರನೆಯದರ ಪರಮಾವಧಿಗೆ 2018ರಲ್ಲಿ ಬಂದ ಕೋರ್ಸೇರ್ ಆಬ್ಸಿಡಿಯನ್ 1000ಡಿ ಉದಾಹರಣೆ. ಉದ್ದ, ಎತ್ತರ ಎರಡೂ 70 ಸೆಂ.ಮೀ. ಹತ್ತಿರ; ಅಗಲ 30.7 ಸೆಂ.ಮೀ.; ತೂಕ 29.5 ಕೆ.ಜಿ. ಮುಂಭಾಗವೊಂದರಲ್ಲೇ 120 ಮಿ.ಮೀ.ನ ಎಂಟು ಫ್ಯಾನು ಕೂರುತ್ತವೆ. ಒಂದರ ಜೊತೆಗೆ ಇನ್ನೊಂದು ಪುಟ್ಟ ಕಂಪ್ಯೂಟರನ್ನೂ ಒಳಗೆ ಬಾಡಿಗೆಗೆ ಇಡಬಹುದು. 29.5 ಕೆ.ಜಿ. ಎಂದರೆ ಹೆಚ್ಚೂಕಡಿಮೆ ಒಂದು ತುಂಬಿದ ಗ್ಯಾಸ್ ಸಿಲಿಂಡರು. ಆದರೆ ಸಿಲಿಂಡರು ಖಾಲಿಯಾದರೆ ಅರ್ಧಕ್ಕರ್ಧ ಹಗುರಾಗುತ್ತದೆ. ಇದು ಖಾಲಿ ಇರುವಾಗಲೇ ಇಷ್ಟು ತೂಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ವಾಂಸರು ಗಮನಿಸಬೇಕು. ದೊಡ್ಡ ಗಾತ್ರದ ಹಗುರ ಪಾರ್ಸಲಿಗೆ ಏರ್ ಕೊರಿಯರಿನವರು ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿ ಒಂದು ಕಾಲ್ಪನಿಕ ತೂಕ ಕಟ್ಟುತ್ತಾರೆ. ಮೇಲಿನ ಪೆಟ್ಟಿಗೆಗೆ, ರಟ್ಟು, ಥರ್ಮಕೋಲು ಬಿಟ್ಟು, ಈ ಲೆಕ್ಕ ಹಾಕಿದರೆ ಬರುವ ಉತ್ತರ 30 ಕೆ.ಜಿ. ಸುಮಾರು. ಕಲ್ಪನೆಯ ಭಾರವೂ ವಾಸ್ತವದ ಭಾರವೂ ಇಷ್ಟು ಹತ್ತಿರ ಬಂದು ನಿಂತಿರುವುದು ಶುದ್ಧ ಕಾಕತಾಳೀಯವೆಂದು ಒಪ್ಪಲು ಈ ಪ್ರಬಂಧಕಾರನಿಗೆ ಮನಸ್ಸಿಲ್ಲ.

ಸಂಶಯಕ್ಕೆ ಕಾರಣವಿದೆ. ಒಳಗಿನ ಸಾಮಾನು ಕುಗ್ಗುತ್ತ ಬಂತು. ಸಿ.ಡಿ., ಡಿ.ವಿ.ಡಿ. ಡ್ರೈವುಗಳು ಕಾಲವಾದವು. ಹಾರ್ಡ್‌ಡಿಸ್ಕ್ ಕೂತಿದ್ದ ಕಡೆಗೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಎಸ್‌ಎಸ್‌ಡಿ ಪಟ್ಟಿ ಬಂದು ಮದರ್‌ಬೋರ್ಡಿನ ಮೇಲೇ ಮಲಗಿಬಿಟ್ಟಿತು. ಮದರ್‌ಬೋರ್ಡಾದರೂ ಮಿನಿ-ಐಟಿಎಕ್ಸ್ ಅಳತೆಗೆ ಇಳಿದರೆ 17 ಸೆಂ.ಮೀ. ಚೌಕ, ಅಷ್ಟೆ. ಇವರೆಲ್ಲ ಸಣ್ಣಗಾಗುತ್ತಿದ್ದರೆ ಮನೆ ಮಾತ್ರ ಅಂತಸ್ತಿನ ಮೇಲೆ ಅಂತಸ್ತು ಏರುತ್ತಿದೆ. ಹಾಗಾದರೆ ದೊಡ್ಡ ಕ್ಯಾಬಿನೆಟ್ ವಿಧಿಯೋ, ನಿಷೇಧವೋ, ಬರೀ ಹೊಗಳಿಕೆಯ ಅರ್ಥವಾದವೋ?

ಪೂರ್ವಪಕ್ಷದವರಾದ ಬೃಹದ್ವಾದಿಗಳನ್ನು ನೋಡಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು. ಅಲ್ಲಿಯ ಕಂಪ್ಯೂಟರ್ ಅಂಗಡಿಗಳ ಆಚಾರ್ಯರು ಸೂತ್ರರೂಪದಲ್ಲೇ ಮಾತಾಡುತ್ತಾರೆ: "ಫುಲ್ ಟವರ್ ತಗೊಂಡ್ಬಿಡಿ ಸಾರ್, ಮುಂದೆ ಅಪ್‌ಗ್ರೇಡ್ ಮಾಡ್ಬೇಕು ಅಂದಾಗ ಜಾಗ ಇರುತ್ತೆ." ಈ ಸೂತ್ರಕ್ಕೆ ಭಾಷ್ಯ ಬರೆದರೆ ಮೂರು ಹೇತುಗಳು ಹೊರಡುತ್ತವೆ.

ಒಂದು, ಗ್ರಾಫಿಕ್ಸ್ ಕಾರ್ಡು. ಎಲ್ಲರೂ ಕುಗ್ಗಿದಾಗ ಬೆಳೆದವನು ಇವನೊಬ್ಬನೇ. ಎನ್‌ವಿಡಿಯಾ ತಾನೇ ಮಾಡಿದ ಆರ್‌ಟಿಎಕ್ಸ್ 4090 ಕಾರ್ಡು 30.4 ಸೆಂ.ಮೀ. ಉದ್ದವಿದ್ದು, 450 ವ್ಯಾಟ್ ವಿದ್ಯುತ್ ಕುಡಿಯುತ್ತದೆ. ಬೇರೆ ಕಂಪನಿಗಳು ಮಾಡಿದವು ಹೆಚ್ಚಾಗಿ ಇನ್ನೂ ಉದ್ದ. ಇಂಥವನು ಸಣ್ಣ ಪೆಟ್ಟಿಗೆಗೆ ಬಂದರೆ ಮೊಣಕಾಲು ಮಡಚಿಯೇ ಕೂರಬೇಕು.

ಎರಡು, ಸದ್ದು. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಸಣ್ಣ ಫ್ಯಾನು ಕಿರುಚಿಕೊಂಡು ತಳ್ಳುವಷ್ಟು ಗಾಳಿಯನ್ನು ತಳ್ಳಬಲ್ಲದು. ದೊಡ್ಡ ಫ್ಯಾನಿಗೆ, ದೊಡ್ಡ ರೇಡಿಯೇಟರಿಗೆ ದೊಡ್ಡ ಗೋಡೆ ಬೇಕು. ಇದು ಬೃಹದ್ವಾದಿಗಳ ನಿಜವಾದ ಬಲ. ಇದನ್ನು ಅಲ್ಲಗಳೆಯುವುದು ವಿತಂಡವಾದ.

ಮೂರು, ಆಯುಸ್ಸು. ಇಂಟೆಲ್ 1995ರಲ್ಲಿ ಹೊರಡಿಸಿದ ಎಟಿಎಕ್ಸ್ ಎಂಬ ಅಳತೆಯೇ ಇಂದಿಗೂ ನಡೆಯುತ್ತಿದೆ. ಬೋರ್ಡು 30.5 ಸೆಂ.ಮೀ. ಉದ್ದ, 24.4 ಸೆಂ.ಮೀ. ಅಗಲ, ಸ್ಕ್ರೂ ತೂತುಗಳು ಇದ್ದಲ್ಲೇ ಇವೆ. ಪ್ರೊಸೆಸರು, ಮೆಮೊರಿ ಎಲ್ಲ ಎಷ್ಟೋ ಜನ್ಮ ಎತ್ತಿ ಬಂದರೂ ಪೆಟ್ಟಿಗೆಗೆ ಪುನರ್ಜನ್ಮದ ಹಂಗಿಲ್ಲ. ಆದ್ದರಿಂದ ಒಮ್ಮೆ ಕೊಂಡದ್ದು ಮಕ್ಕಳ ಕಾಲಕ್ಕೂ ಆದೀತು ಎಂಬುದು ಅವರ ವಾದ. ಮಕ್ಕಳು ಲ್ಯಾಪ್‌ಟಾಪ್ ಕೇಳುತ್ತಾರೆ ಎಂಬ ಆಕ್ಷೇಪಕ್ಕೆ ಅವರಲ್ಲಿ ಉತ್ತರವಿಲ್ಲ.

ಬೃಹದ್ವಾದದ ಇತಿಹಾಸದಲ್ಲಿ ಮಹಾಪುರುಷರಿಗೂ ಕೊರತೆಯಿಲ್ಲ. 2009ರ ಥರ್ಮಲ್‌ಟೇಕ್ ಲೆವೆಲ್ 10 ಎಂಬ ಪೆಟ್ಟಿಗೆಯನ್ನು ಬಿಎಂಡಬ್ಲ್ಯು ಗುಂಪಿನ ವಿನ್ಯಾಸ ಸಂಸ್ಥೆಯೇ ರೂಪಿಸಿ ಒಂದೊಂದು ಭಾಗಕ್ಕೆ ಒಂದೊಂದು ಪ್ರತ್ಯೇಕ ಕೋಣೆ ಕೊಟ್ಟಿತು. ಕೂಡುಕುಟುಂಬ ಒಡೆದು ಪಾಲಾದದ್ದು ಕಂಪ್ಯೂಟರ್ ಲೋಕದಲ್ಲಿ ಹಾಗೆ. ಲಿಯಾನ್ ಲಿ ಕಂಪನಿ ಮೇಜನ್ನೇ ಕ್ಯಾಬಿನೆಟ್ ಮಾಡಿ ಮಾರಿತು. ಆ್ಯಪಲ್ ತನ್ನ 2019ರ ಮ್ಯಾಕ್ ಪ್ರೊಗೆ ಬೇಕೆಂದವರಿಗೆ ನಾಲ್ಕು ಚಕ್ರ ಹಾಕಿಕೊಟ್ಟಿತು. ಮುಂದಿನ ವರ್ಷ ಆ ಚಕ್ರಗಳನ್ನೇ ಪ್ರತ್ಯೇಕವಾಗಿ 699 ಡಾಲರಿಗೆ ಮಾರಾಟಕ್ಕಿಟ್ಟಿತು. ಬ್ರೇಕು ಇಲ್ಲ. ಆಯುಧಪೂಜೆಯ ದಿನ ಇದರ ಚಕ್ರಗಳ ಅಡಿಗೆ ನಿಂಬೆಹಣ್ಣು ಇಡಬೇಕೇ ಎಂಬ ಬಗ್ಗೆ ಧರ್ಮಶಾಸ್ತ್ರಗಳು ಮೌನವಾಗಿವೆ. ಇಡುವುದೇ ಕ್ಷೇಮ: ಬ್ರೇಕಾದರೂ ಆದೀತು.

ಇನ್ನು ಉತ್ತರಪಕ್ಷ. ಮೊದಲನೆಯ ದೋಷ ಪೆಟ್ಟಿಗೆ ಮನೆಗೆ ಬಂದ ದಿನವೇ ಗೊತ್ತಾಗುತ್ತದೆ. ಪವರ್ ಸಪ್ಲೈ ಕೂರುವುದು ಪೆಟ್ಟಿಗೆಯ ತಳದಲ್ಲಿ. ಪ್ರೊಸೆಸರಿಗೆ ಕರೆಂಟು ಕೊಡುವ ಎಂಟು ಪಿನ್ನಿನ ಕೇಬಲ್ಲು ಹೋಗಿ ಸೇರಬೇಕಾದದ್ದು ಮದರ್‌ಬೋರ್ಡಿನ ಮೇಲ್ತುದಿಯ ಮೂಲೆಗೆ. ಕೇಬಲ್ಲನ್ನು ಹಿಂದಿನ ತಟ್ಟೆಯ ಬೆನ್ನಿಗೆ ಎಳೆದು, ರಬ್ಬರ್ ತೂತಿನಿಂದ ತೂರಿಸಿ, ಮೇಲೆ ತಂದು, ಇನ್ನೇನು ಸಿಕ್ಕಿಸಬೇಕು ಎನ್ನುವಾಗ ನಾಲ್ಕು ಬೆರಳು ಗಿಡ್ಡ. ಬೆರಳ ತುದಿಯಲ್ಲಿ ಕನೆಕ್ಟರು, ಕಣ್ಣೆದುರಿಗೆ ಸಾಕೆಟ್ಟು, ನಡುವೆ ಬಯಲು. ಎಸ್.ಪಿ. ರಸ್ತೆಗೆ ಮತ್ತೆ ಹೋಗಿ ಎಕ್ಸ್‌ಟೆನ್ಷನ್ ತರಬೇಕು. "ಅಯ್ಯೋ, ಫುಲ್ ಟವರ್‌ಗೆ ಅದು ಬೇಕೇ ಬೇಕು ಸಾರ್" ಎಂದು ಆಚಾರ್ಯರು ಆಗ ಉಪದೇಶಿಸುತ್ತಾರೆ. ಮುಂದಿನ ಅಪ್‌ಗ್ರೇಡಿಗೆಂದು ಕೊಂಡ ಜಾಗದ ಮೊದಲ ಅಪ್‌ಗ್ರೇಡ್ ಈ ಕೇಬಲ್ಲು.

ಎರಡನೆಯದು ಉಷ್ಣಪ್ರಕರಣ. ಪೆಟ್ಟಿಗೆ ದೊಡ್ಡದಾದರೆ ತಂಪು ಎಂಬ ನಂಬಿಕೆ ವ್ಯಾಪಕವಾಗಿದೆ. ಒಳಗಿನ ಚಿಪ್ಪುಗಳಿಗೆ ತಂಪಾಗಬಹುದು, ನಿಮಗಲ್ಲ. ಕಾರ್ಡು 450 ವ್ಯಾಟ್, ಪ್ರೊಸೆಸರು 200 ವ್ಯಾಟ್ ಕುಡಿದರೆ ಆ 650 ವ್ಯಾಟ್ ಪೂರ್ತಿ ಶಾಖವಾಗಿ ಕೋಣೆಗೇ ಬರುತ್ತದೆ. ಅದು ಸಣ್ಣ ಡಬ್ಬದಿಂದ ಬಂದರೂ ಅಷ್ಟೆ, ಅರಮನೆಯಿಂದ ಬಂದರೂ ಅಷ್ಟೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಕೂತು ಆಟ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲದೆ ಖಾಲಿ ಜಾಗ ತಾನಾಗಿ ಏನನ್ನೂ ತಂಪು ಮಾಡುವುದಿಲ್ಲ, ಗಾಳಿಗೆ ದಾರಿ ಬೇಕು. ಮುಂಭಾಗಕ್ಕೆ ಗಾಜು ಮುಚ್ಚಿ, ಪಕ್ಕದಲ್ಲಿ ಬೆರಳಗಲ ಸಂದು ಬಿಟ್ಟ ದುಬಾರಿ ಕ್ಯಾಬಿನೆಟ್ಟಿಗಿಂತ ಜಾಲರಿ ಮುಖದ ಅಗ್ಗದ ಮಿಡ್ ಟವರು ಎಷ್ಟೋ ಚೆನ್ನಾಗಿ ಉಸಿರಾಡುತ್ತದೆ.

ಮೂರನೆಯದು ಗಾಜು. ಪಕ್ಕದ ಬಾಗಿಲಿಗೆ ಟೆಂಪರ್ಡ್ ಗಾಜು ಹಾಕುವುದು ಈಗ ಸಂಪ್ರದಾಯ. ಈ ಗಾಜಿನ ಮೈ ಅದುಮಿಟ್ಟ ಒತ್ತಡದಲ್ಲಿ, ಒಡಲು ಹಿಗ್ಗಿಸಿಟ್ಟ ಬಿಗಿತದಲ್ಲಿ ಇರುತ್ತದೆ. ನಡುವೆ ಗುದ್ದಿದರೂ ತಾಳಿಕೊಳ್ಳುತ್ತದೆ. ಅಂಚಿಗೆ, ಅದರಲ್ಲೂ ಮೂಲೆಗೆ, ಗಾಜಿಗಿಂತ ಗಟ್ಟಿಯಾದದ್ದು ತಾಗಿದರೆ ಒಂದೇ ಕ್ಷಣದಲ್ಲಿ ಇಡೀ ಹಲಗೆ ಕಲ್ಲುಸಕ್ಕರೆಯಾಗಿ ಸುರಿಯುತ್ತದೆ. ಗಾಜಿಗಿಂತ ಗಟ್ಟಿಯಾದ ಆ ವಸ್ತು ಯಾವುದು? ಪಿಂಗಾಣಿ. ಹೊಸ ಮನೆಗಳ ನೆಲಕ್ಕೆಲ್ಲ ನಾವು ಹಾಸಿರುವುದು ಪಿಂಗಾಣಿ ಜಾತಿಯದೇ ಆದ ವಿಟ್ರಿಫೈಡ್ ಟೈಲು. ಬಿಚ್ಚಿದ ಗಾಜನ್ನು ಜಾಗರೂಕತೆಯಿಂದ, ಮೆಲ್ಲಗೆ, ನೆಟ್ಟಗೆ ನೆಲಕ್ಕೆ ಊರಿ ಗೋಡೆಗೆ ಒರಗಿಸುವ ಮನುಷ್ಯ ತನ್ನ ಜಾಗರೂಕತೆಯಿಂದಲೇ ಕೆಡುತ್ತಾನೆ. ಸೋಮಾರಿ ಅದನ್ನು ಹಾಸಿಗೆಯ ಮೇಲೆ ಎಸೆದು ಬಚಾವಾಗುತ್ತಾನೆ.

ದೂಳಿನ ಬಗ್ಗೆ ಪ್ರತ್ಯೇಕ ಗ್ರಂಥವೇ ಬೇಕು. ಒಳಗೆ ಎಳೆಯುವ ಫ್ಯಾನುಗಳು ಹೊರಗೆ ತಳ್ಳುವವಕ್ಕಿಂತ ಜಾಸ್ತಿ ಇದ್ದರೆ ಗಾಳಿ ಫಿಲ್ಟರಿನ ಮೂಲಕವೇ ಬರುತ್ತದೆ, ಇಲ್ಲವಾದರೆ ಸಿಕ್ಕ ಸಂದಿನಿಂದೆಲ್ಲ ದೂಳು ನುಗ್ಗುತ್ತದೆ ಎಂಬಷ್ಟನ್ನು ಇಲ್ಲಿ ಹೇಳಿ ಮುಂದೆ ಹೋಗೋಣ. ಆಯುಧಪೂಜೆಯ ಕುಂಕುಮಕ್ಕೂ ಇದೇ ನ್ಯಾಯ.

ಬೃಹದ್ವಾದ ಹೊಟ್ಟೆ ತುಂಬಿಸುವ ವಾದವೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೇಸ್‌ಲ್ಯಾಬ್ಸ್ ಎಂಬ ಸಣ್ಣ ಕಂಪನಿ ಅಲ್ಯೂಮಿನಿಯಮ್ಮಿನ ಅತಿ ದೊಡ್ಡ ಕ್ಯಾಬಿನೆಟ್ಟುಗಳನ್ನು ಕೇಳಿದವರಿಗೆ ಕೇಳಿದಂತೆ ಮಾಡಿಕೊಡುತ್ತಿತ್ತು. ಈ ಪಂಥದವರು ಅದರ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ. ಅಮೆರಿಕ ಸರ್ಕಾರ ಲೋಹದ ಮೇಲೆ ಸುಂಕ ಏರಿಸಿದ್ದು, ದೊಡ್ಡ ಗಿರಾಕಿಯೊಬ್ಬರು ಬಾಕಿ ಉಳಿಸಿದ್ದು ಎರಡೂ ಸೇರಿ 2018ರಲ್ಲಿ ಅಂಗಡಿ ಮುಚ್ಚಿತು.

ಈಗ ನಿರ್ಣಯ. ಒಂದು ಗ್ರಾಫಿಕ್ಸ್ ಕಾರ್ಡು, ಒಂದು ಎಟಿಎಕ್ಸ್ ಬೋರ್ಡು, ಒಂದೆರಡು ಎಸ್‌ಎಸ್‌ಡಿ ಇರುವವರಿಗೆ ಜಾಲರಿ ಮುಖದ ಮಿಡ್ ಟವರು ಸಾಕು. ಕಾರ್ಡಿನ ಉದ್ದ ಒಂದನ್ನು ಮೊದಲೇ ತಾಳೆ ನೋಡಿಕೊಂಡರಾಯಿತು. ಎರಡು ಮೂರು ರೇಡಿಯೇಟರಿನಲ್ಲಿ ನೀರು ಹರಿಸುವವರು, ಹಾರ್ಡ್‌ಡಿಸ್ಕುಗಳ ಸಾಲನ್ನೇ ಇಟ್ಟುಕೊಂಡ ವಿಡಿಯೊ ಎಡಿಟಿಂಗಿನವರು, 33 ಸೆಂ.ಮೀ. ಅಗಲದ ಇ-ಎಟಿಎಕ್ಸ್ ಬೋರ್ಡಿನವರು ಫುಲ್ ಟವರಿಗೆ ಅಧಿಕಾರಿಗಳು. ಉಳಿದವರೂ ಕೊಳ್ಳಬಹುದು, ಆಸೆಗೆ ಪ್ರಾಯಶ್ಚಿತ್ತ ವಿಧಿಸುವ ಉದ್ದೇಶ ಈ ಪ್ರಬಂಧಕ್ಕಿಲ್ಲ. ಆದರೆ ಹಣ ಕೊಡುವ ಮೊದಲು ಟೇಪು ಹಿಡಿದು ಮೇಜಿನ ಅಡಿಯನ್ನು ಅಳೆಯಿರಿ. ಸಾಮಾನ್ಯ ಮೇಜು 75 ಸೆಂ.ಮೀ. ಎತ್ತರ, ಹಲಗೆಯ ದಪ್ಪ ಕಳೆದು, 70 ಸೆಂ.ಮೀ.ನ ಪೆಟ್ಟಿಗೆ ಇಟ್ಟರೆ ಮೇಲಿನ ಫ್ಯಾನುಗಳ ಬಿಸಿಗಾಳಿಗೆ ಎರಡು ಬೆರಳ ಜಾಗವೂ ಉಳಿಯುವುದಿಲ್ಲ. ಪೆಟ್ಟಿಗೆ ಬಂದ ರಟ್ಟಿನ ಡಬ್ಬವನ್ನು ಥರ್ಮಕೋಲಿನ ಸಮೇತ ಅಟ್ಟದ ಮೇಲೆ ಇಟ್ಟುಕೊಳ್ಳಿ. ಬಾಡಿಗೆ ಮನೆ ಬದಲಿಸುವ ದಿನ ಅದಿಲ್ಲದೆ ಆ ಗಾಜನ್ನು ಸಾಗಿಸಲು ಯಾವ ಲಾರಿಯವರೂ ಒಪ್ಪುವುದಿಲ್ಲ.